ಮಾರುತ್ ಕಿಟ್‌ಗೆ ಇನ್ನೆಷ್ಟು ವರ್ಷ ಕಾಯಬೇಕು?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ಒಂಬತ್ತನೇ ಕ್ಲಾಸಿನ ಮಗಳ ಜೊತೆ ಸೇರಿ ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟುತ್ತಿದ್ದೇನೆ. ಸ್ಪಿಟ್‌ಫೈರ್, ಮಸ್ಟಾಂಗ್, ಒಂದು ಮಿಗ್-21 ಆಗಿವೆ. ಮಗಳಿಗೆ ಈಗ ಬೆಂಗಳೂರಿನಲ್ಲೇ ತಯಾರಾದ ಹಳೆಯ ಫೈಟರ್ ಎಚ್‌ಎಫ್-24 ಮಾರುತ್ ಬೇಕಂತೆ. ಪ್ರತಿ ಜನವರಿಯಲ್ಲಿ ಹೊಸ ಕಿಟ್‌ಗಳ ಪಟ್ಟಿ ನೋಡುತ್ತೇವೆ, ಅದರಲ್ಲಿ ಮಾರುತ್ ಇರುವುದಿಲ್ಲ. ನಮ್ಮ ವಾಯುಪಡೆಯ ಹಳೆಯ ಫೈಟರ್‌ಗಳ ಒಳ್ಳೆಯ ಕಿಟ್ ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬಹುದೇ? ಕಾಯಬೇಕೇ, ಸಿಕ್ಕಿದ್ದನ್ನು ಕಟ್ಟಬೇಕೇ? ಇನ್ನೊಂದು ತೊಂದರೆ. ಮಳೆಗಾಲದಲ್ಲಿ ಹೊಡೆದ ವಾರ್ನಿಷ್ ಬೆಳ್ಳಗಾಗುತ್ತದೆ, ಡಿಕ್ಯಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು) ಹಾಳೆಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಮಾರುತ್ ಬೇಕು ಎನ್ನುವ ಹುಡುಗಿ ತೀರ್ಥಹಳ್ಳಿಯಲ್ಲಿದ್ದಾಳೆ ಎಂಬುದೇ ನನಗೆ ದೊಡ್ಡ ಸುದ್ದಿ. ಶಿವಮೊಗ್ಗದ ದುರ್ಗಿಗುಡಿಯ ಮನೆಯಲ್ಲಿ ಕೂತು ನಾನು ಮೂವತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದ್ದೇನೆ. ನನ್ನ ಆಸೆಯ ಪಟ್ಟಿಯಲ್ಲೂ ಮೊದಲ ಹೆಸರು ಅದೇ.

ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ವಾಯುಪಡೆ ಹಾರಿಸಿದ ಹಳೆಯ ಫೈಟರ್‌ಗಳಲ್ಲಿ ಹಲವಕ್ಕೆ ಈಗಾಗಲೇ ಒಳ್ಳೆಯ ಕಿಟ್ ಇದೆ. ಉಳಿದವುಗಳಲ್ಲಿ ಕೆಲವು ಇವತ್ತಲ್ಲ ನಾಳೆ ಬರುತ್ತವೆ. ಮಾರುತ್ ಕಥೆ ಬೇರೆ. ಜಪಾನಿನ ಟ್ಯಾಮಿಯಾ, ಹಸೆಗಾವಾ, ಬ್ರಿಟನ್ನಿನ ಏರ್‌ಫಿಕ್ಸ್, ಈ ಮೂರು ದೊಡ್ಡ ಕಿಟ್ ಕಂಪನಿಯವರೂ ಇದುವರೆಗೆ ಅದನ್ನು ಮುಟ್ಟಿಲ್ಲ. ನಾವು ಸುಮ್ನೆ ಕಾಯುತ್ತಾ ಕೂತರೆ ಮುಂದೆಯೂ ಮುಟ್ಟುವುದು ಕಷ್ಟ. ಆದರೆ ಆ ಕಿಟ್ ಹುಟ್ಟಲು ಬೇಕಾದ ಮುಖ್ಯ ವಸ್ತು ಬೆಂಗಳೂರಿನಲ್ಲೇ ನಿಂತಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕಂಪನಿಯವರ ಲೆಕ್ಕ ನೋಡೋಣ. ಕಿಟ್ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್‌ಗೆ ದೊಡ್ಡ ಖರ್ಚಿಲ್ಲ. ದುಡ್ಡು ಹೋಗುವುದು ಉಕ್ಕಿನ ಅಚ್ಚಿಗೆ. ಅಸಲಿ ವಿಮಾನವನ್ನು ಅಳೆಯಬೇಕು, ಕಂಪ್ಯೂಟರಿನಲ್ಲಿ ಭಾಗ ಭಾಗವಾಗಿ ಬಿಡಿಸಬೇಕು, ಆಮೇಲೆ ಉಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಕೊರೆಯಬೇಕು. ಅಚ್ಚು ಒಮ್ಮೆ ಆಯಿತೆಂದರೆ ಹತ್ತಾರು ವರ್ಷ ಅದರಿಂದ ಕಿಟ್ ತೆಗೆಯಬಹುದು. ಅದಕ್ಕೇ ಕಂಪನಿ ಕೇಳುವುದು ಒಂದೇ ಪ್ರಶ್ನೆ: ಈ ಒಂದು ಅಚ್ಚಿನಿಂದ ಎಷ್ಟು ಬೇರೆ ಬೇರೆ ಪೆಟ್ಟಿಗೆ ಮಾರಬಹುದು?

ಸ್ಪಿಟ್‌ಫೈರ್ ಒಟ್ಟು 20,000ಕ್ಕೂ ಜಾಸ್ತಿ ತಯಾರಾದವು. ಮಿಗ್-21 11,000ಕ್ಕೂ ಜಾಸ್ತಿ. ಮಿಗ್-21 ಅನ್ನು ಹಾರಿಸಿದ ದೇಶಗಳು ಐವತ್ತರ ಹತ್ತಿರ. ದೇಶಕ್ಕೊಂದು ಬಣ್ಣ, ದೇಶಕ್ಕೊಂದು ಡಿಕ್ಯಾಲ್, ದೇಶಕ್ಕೊಂದು ಪೆಟ್ಟಿಗೆ. ಮಾರುತ್ ತಯಾರಾದದ್ದು ಎರಡು ಸೀಟಿನವೂ ಸೇರಿ 147. ಸೇವೆಗೆ ಸೇರಿಸಿಕೊಂಡದ್ದು ಒಂದೇ ದೇಶ, ಅದರಲ್ಲೂ ಮೂರೇ ಸ್ಕ್ವಾಡ್ರನ್: 10, 31 ಮತ್ತು 220. ಜಪಾನಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಇದು ದೊಡ್ಡ ಸಂಖ್ಯೆಯಾಗಿ ಕಾಣುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಏರ್‌ಫಿಕ್ಸ್ ತನ್ನ ಮೊದಲ ವಿಮಾನದ ಕಿಟ್ ಆಗಿ 1:72 ಅಳತೆಯ (ಅಸಲಿಯ 72ರಲ್ಲಿ ಒಂದು ಪಾಲಿನ) ಸ್ಪಿಟ್‌ಫೈರ್ ತಂದದ್ದು 1953ರಲ್ಲಿ. ಬೆಲೆ ಎರಡು ಶಿಲ್ಲಿಂಗ್. ಅಲ್ಲಿಂದ ಇಲ್ಲಿಯವರೆಗೆ ಸ್ಪಿಟ್‌ಫೈರ್ ಕಿಟ್ ಬರುವುದು ನಿಂತೇ ಇಲ್ಲ. ಟ್ಯಾಮಿಯಾ 2018ರಲ್ಲಿ 1:48ರ ಮಾರ್ಕ್ 1 ಅನ್ನು ಪೂರ್ತಿ ಹೊಸ ಅಚ್ಚಿನಲ್ಲಿ ತಂದಿತು. ಭಾಗಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂದರೆ ಅಂಟು ಹಚ್ಚುವ ಮೊದಲೇ ಸಂದು ಮಾಯವಾಗುತ್ತದೆ. ‘ಮತ್ತೆ ಸ್ಪಿಟ್‌ಫೈರ್ ಯಾಕೆ’ ಎಂದು ಬೇಸರಪಡುವ ಗೆಳೆಯರು ನನಗಿದ್ದಾರೆ. ನಾನು ಬೇಸರಪಡುವುದಿಲ್ಲ. ಖಚಿತವಾಗಿ ಮಾರುವ ಒಂದು ವಿಮಾನ ಕೈಯಲ್ಲಿದ್ದರೆ ಕಂಪನಿಗೆ ಇನ್ನೊಂದು ಅಪರೂಪದ ವಿಮಾನಕ್ಕೆ ಕೈ ಹಾಕುವ ಧೈರ್ಯ ಬರುತ್ತದೆ. ಅಲ್ಲದೆ ಸ್ಪಿಟ್‌ಫೈರ್ ನಮ್ಮದೂ ಹೌದು. 8ನೇ ಸ್ಕ್ವಾಡ್ರನ್ ಬರ್ಮಾ ಯುದ್ಧದ ಕೊನೆಯ ಹಂತದಲ್ಲಿ ಮಾರ್ಕ್ 8 ಹಾರಿಸಿತ್ತು. ಚೆಕ್ ದೇಶದ ಎಡುವಾರ್ಡ್ ಕಂಪನಿಯ ಮಾರ್ಕ್ 8 ಎರಡೂ ಅಳತೆಯಲ್ಲಿ ಬಂದಿದೆ. ಅದಕ್ಕೆ ನೀಲಿ, ತಿಳಿನೀಲಿ ವೃತ್ತದ ಗುರುತು ಹಾಕಿ. ಆಗ ಜಪಾನಿಯರ ಕೆಂಪು ಸೂರ್ಯನ ಜೊತೆ ಗೊಂದಲ ಆಗಬಾರದು ಎಂದು ಆ ಭಾಗದಲ್ಲಿ ಗುರುತಿನಿಂದ ಕೆಂಪನ್ನೇ ತೆಗೆದಿದ್ದರು. ಮಗಳಿಗೆ ಇದನ್ನು ಹೇಳಿ, ಇಷ್ಟಪಡುತ್ತಾಳೆ.

ಇನ್ನು ಮಿಗ್-21. ನೀವು ಕಟ್ಟಿದ್ದು ಯಾವ ಮಾದರಿ ಎಂದು ಬರೆದಿಲ್ಲ. ಅದು ಮುಖ್ಯ. ನಮ್ಮಲ್ಲಿ 1963ರಿಂದ ಹಾರಿದ ಈ ವಿಮಾನ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಕೊನೆಯ ವಿದಾಯ ಪಡೆಯಿತು. 62 ವರ್ಷದಲ್ಲಿ ಎಫ್‌ಎಲ್, ಎಂ, ಬಿಸ್, ಬೈಸನ್ ಎಂದು ಎಷ್ಟೋ ರೂಪ. ಬೆನ್ನಿನ ಉಬ್ಬು ಬೇರೆ, ಬಾಲದ ರೆಕ್ಕೆಯ ಅಗಲ ಬೇರೆ, ಮುಂದಿನ ಗಾಜು ಬೇರೆ. ಎಡುವಾರ್ಡ್ 2011ರಿಂದ 1:48ರಲ್ಲಿ ಈ ಕುಟುಂಬವನ್ನೇ ಒಂದೊಂದಾಗಿ ತಂದಿದೆ. ಅದನ್ನು ಮೀರಿಸುವ ಕಿಟ್ ಆ ಅಳತೆಯಲ್ಲಿ ಸದ್ಯಕ್ಕೆ ಬೇಕು ಎಂದು ನನಗೆ ಅನ್ನಿಸುವುದಿಲ್ಲ. ನನಗೆ ಬೇಕಿರುವುದು ಬೈಸನ್. ಅದರ ಮುಂದಿನ ಗಾಜು ಒಂದೇ ತುಂಡು, ನಡುವೆ ಚೌಕಟ್ಟಿನ ಪಟ್ಟಿಗಳಿಲ್ಲ. ಹಳೆಯ ಬಿಸ್ ಕಿಟ್‌ನ ಗಾಜು ಹಾಕಿ ‘ಬೈಸನ್’ ಎಂದರೆ ಕಣ್ಣು ಒಪ್ಪುವುದಿಲ್ಲ. ವಿಮಾನ ಈಗ ನಿವೃತ್ತಿಯಾಗಿದೆ. ಪ್ರದರ್ಶನಕ್ಕೆ ನಿಂತಲ್ಲಿ ಹತ್ತಿರದಿಂದ ಫೋಟೋ ತೆಗೆಯುವ ಅವಕಾಶ ಹೆಚ್ಚಾಗುತ್ತದೆ. ಹಾಗಾಗಿ ಇದು ಈಡೇರುವ ಆಸೆ ಎಂದೇ ನಂಬಿದ್ದೇನೆ.

ನ್ಯಾಟ್ ಎಂಬ ಬ್ರಿಟಿಷ್ ವಿನ್ಯಾಸದ ಜೆಟ್ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ ಇರಲಿ. ಏರ್‌ಫಿಕ್ಸ್‌ನ ನ್ಯಾಟ್ ಪೆಟ್ಟಿಗೆ ನೋಡಿದ ಕೂಡಲೇ ಕೈ ಹಾಕಬೇಡಿ. ಅದು ಬ್ರಿಟಿಷರು ತರಬೇತಿಗೆ ಬಳಸಿದ ಎರಡು ಸೀಟಿನ ಟಿ-1. ಉದ್ದ ಜಾಸ್ತಿ, ರೆಕ್ಕೆ ದೊಡ್ಡದು, ಬಾಲವೂ ದೊಡ್ಡದು. ನಮ್ಮ ವಾಯುಪಡೆ ಹಾರಿಸಿದ್ದು ಒಂದೇ ಸೀಟಿನ ಪುಟ್ಟ ಫೈಟರ್. 1965ರಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳ ವಿರುದ್ಧ ಕಾದಾಡಿದ್ದು ಅದು. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ನಿರ್ಮಲ್ ಜೀತ್ ಸಿಂಗ್ ಸೆಖೋಂ ಸೇಬರ್‌ಗಳ ಎದುರು ಒಬ್ಬರೇ ಕಾದಾಡಿ ಪ್ರಾಣ ಕೊಟ್ಟದ್ದೂ ಅದರಲ್ಲೇ. ಎರಡು ಸೀಟಿನದಕ್ಕೆ ಕೇಸರಿ, ಬಿಳಿ, ಹಸಿರು ವೃತ್ತ ಅಂಟಿಸಿ ‘ಸೆಖೋಂ ಅವರ ವಿಮಾನ’ ಎಂದರೆ ತಪ್ಪಾಗುತ್ತದೆ. ಚೆಕ್ ದೇಶದ ಸ್ಪೆಷಲ್ ಹಾಬಿ 1:72ರಲ್ಲಿ ಒಂದು ಸೀಟಿನ ನ್ಯಾಟ್ ಮತ್ತು ಅದರಿಂದಲೇ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಬೆಳೆಸಿದ ಅಜೀತ್ ಎರಡನ್ನೂ ತಂದಿದೆ. ಕಟ್ಟಿ ಮುಗಿಸಿದಾಗ ಉದ್ದ ಸುಮಾರು 12 ಸೆಂಟಿಮೀಟರ್, ಅಂಗೈ ಮೇಲೆ ಕೂರುತ್ತದೆ. ಅಜೀತ್ ಕಿಟ್ ಬಂದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಧೈರ್ಯ ಬರುತ್ತದೆ. ಬೆಂಗಳೂರಿನ ವಿಮಾನವೊಂದು ಯುರೋಪಿನ ಸಣ್ಣ ಕಂಪನಿಯ ಕಣ್ಣಿಗೆ ಬಿತ್ತಲ್ಲ!

ಇಂಥ ಸಣ್ಣ ಕಂಪನಿಗಳು ಹೆಚ್ಚಾಗಿ ಚೆಕ್ ದೇಶ, ಪೋಲೆಂಡ್, ಉಕ್ರೇನ್ ಕಡೆಯವು. ಅವುಗಳಲ್ಲಿ ಎಷ್ಟೋ ಕಿಟ್‌ಗಳು ಮೆದು ಲೋಹದ ಅಚ್ಚಿನಲ್ಲಿ ಬರುತ್ತವೆ. ಅಚ್ಚಿನ ಖರ್ಚು ಕಡಿಮೆ, ಆಯಸ್ಸೂ ಕಡಿಮೆ. ಭಾಗಗಳನ್ನು ಸರಿಯಾಗಿ ಕೂರಿಸುವ ಗೂಟ, ತೂತು ಇರದೇ ಇರಬಹುದು. ಅಂಚು ದಪ್ಪ ಇರಬಹುದು. ಟ್ಯಾಮಿಯಾ ಕಟ್ಟಿ ಅಭ್ಯಾಸ ಆದವರಿಗೆ ಮೊದಲ ದಿನ ಕಣ್ಣೀರು ಬರುತ್ತದೆ. ಅಂಟು ತೆಗೆಯುವ ಮೊದಲು ಎಲ್ಲವನ್ನೂ ಟೇಪಿನಲ್ಲಿ ಜೋಡಿಸಿ ನೋಡಿ. ಉಜ್ಜಿ, ಮತ್ತೆ ಜೋಡಿಸಿ. ಮಗಳಿಗೆ ಒಂಬತ್ತನೇ ಕ್ಲಾಸ್ ಎಂದರೆ ಇದನ್ನು ಕಲಿಯಲು ಸರಿಯಾದ ವಯಸ್ಸು. ಅಪರೂಪದ ವಿಮಾನ ಬೇಕೆಂದರೆ ಈ ಕೈಚಳಕ ಬೇಕೇ ಬೇಕು.

ನಮ್ಮ ವಾಯುಪಡೆ ಹಾರಿಸಿದ ಬ್ರಿಟಿಷ್ ಫೈಟರ್‌ಗಳಾದ ಹಂಟರ್, ವ್ಯಾಂಪೈರ್, ಟೆಂಪೆಸ್ಟ್ ಬಗ್ಗೆ ಚಿಂತೆ ಬೇಡ. ನಮ್ಮ ಹಂಟರ್ ಎಫ್-56 ಬ್ರಿಟಿಷರ ಎಫ್-6ರಿಂದಲೇ ಬಂದದ್ದು. ಏರ್‌ಫಿಕ್ಸ್‌ನ 1:48ರ ಎಫ್-6 ತೆಗೆದುಕೊಂಡು, ಬಾಲದ ಬುಡದಲ್ಲಿ ಬ್ರೇಕ್ ಪ್ಯಾರಾಚೂಟಿನ ಗೂಡು ಸೇರಿಸಿದರೆ ಹತ್ತಿರ ಬರುತ್ತದೆ. ವ್ಯಾಂಪೈರ್ ನಮ್ಮ ವಾಯುಪಡೆಯ ಮೊದಲ ಜೆಟ್, ಬಂದದ್ದು 1948ರಲ್ಲಿ. ಅದಕ್ಕೂ ಏರ್‌ಫಿಕ್ಸ್ ಇದೆ. ಟೆಂಪೆಸ್ಟ್ ಮಾರ್ಕ್ 2 ಎಡುವಾರ್ಡ್ ತಂದಿದೆ.

ನನ್ನ ಎರಡನೇ ದೊಡ್ಡ ಆಸೆ ಫ್ರಾನ್ಸಿನಲ್ಲಿ ತಯಾರಾದ ಫೈಟರ್ ಮಿಸ್ಟೇರ್ 4ಎ. ಕಾರಣ ಕೊಡಗಿನ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ನಡೆದ ದಾಳಿಯಿಂದ ಅವರು ವಾಪಸ್ ಬರಲಿಲ್ಲ. ಅವರ ಮಿಸ್ಟೇರ್ ಶಬ್ದದ ವೇಗವನ್ನೂ ಸಮನಾಗಿ ಹಾರಿ ಮುಟ್ಟದ ವಿಮಾನ. ಎದುರಿಗೆ ಬಂದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಅದನ್ನು ಅವರು ಬೀಳಿಸಿದ್ದರು ಎಂಬ ವಿಷಯ ನಮ್ಮವರಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಮಿಸ್ಟೇರ್ ಅನ್ನು ಫ್ರಾನ್ಸ್, ಇಸ್ರೇಲ್, ಭಾರತ ಮೂರೂ ಹಾರಿಸಿವೆ. ಮೂರು ದೇಶ ಎಂದರೆ ಮೂರು ಡಿಕ್ಯಾಲ್. ಹಾಗಾಗಿ 1:48ರಲ್ಲಿ ಹೊಸ ಅಚ್ಚಿನ ಒಂದು ಮಿಸ್ಟೇರ್ ಬರಬೇಕು ಎಂದು ಕಂಪನಿಗಳಿಗೆ ಪತ್ರ ಬರೆಯುವಾಗೆಲ್ಲ ನಾನು ಈ ಲೆಕ್ಕ ಹೇಳುತ್ತೇನೆ. ನೀವೂ ಬರೆಯಿರಿ. ‘ದಯವಿಟ್ಟು ಮಾಡಿ’ ಎಂದಷ್ಟೇ ಬರೆದರೆ ಸಾಲದು. ಯಾವ ಮಾದರಿ, ಯಾವ ಸ್ಕ್ವಾಡ್ರನ್, ಅಸಲಿ ವಿಮಾನ ಎಲ್ಲಿ ನಿಂತಿದೆ ಎಂದು ಬರೆಯಿರಿ.

ಈಗ ಮಾರುತ್‌ಗೆ ಬರೋಣ.

ಮುಂಗಾರು ಮಾರುತ ಎಂದು ನಾವು ದಿನವೂ ಹೇಳುವ ಅದೇ ಮಾರುತ. ಮಲೆನಾಡಿನವರಿಗೆ ಇದಕ್ಕಿಂತ ಹತ್ತಿರದ ಹೆಸರು ಬೇರೆ ಯಾವ ವಿಮಾನಕ್ಕೂ ಇಲ್ಲ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಫೊಕ್ಕೆ-ವುಲ್ಫ್ 190 ಅವರದೇ ವಿನ್ಯಾಸ. ಎಚ್‌ಎಎಲ್‌ನ ನಮ್ಮ ಎಂಜಿನಿಯರುಗಳ ಜೊತೆ ಸೇರಿ ಅವರು ಮಾಡಿದ ಮೊದಲ ಮಾರುತ್ ಲೋಹದ್ದಲ್ಲ, ಮರದ್ದು! ಅಸಲಿ ಅಳತೆಯ ಮರದ ಗ್ಲೈಡರ್. ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುತ್ತಾ ಇಳಿಸುತ್ತಿದ್ದರು. ಆಮೇಲೆ 1961ರ ಜೂನ್ 17ರಂದು ಸುರಂಜನ್ ದಾಸ್ ಅಸಲಿ ಮಾರುತ್ ಹಾರಿಸಿದರು. 1970ರ ಜನವರಿ 10ರಂದು ಅದೇ ವಿಮಾನದ ಇನ್ನೊಂದು ಪ್ರಯೋಗ ಮಾದರಿ ಬಿದ್ದು ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ.

ಎಂಜಿನ್ ವಿಷಯದಲ್ಲಿ ಮಾರುತ್‌ಗೆ ಅನ್ಯಾಯವಾಯಿತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಟ್ಯಾಂಕ್ ಲೆಕ್ಕ ಹಾಕಿದ್ದು ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಇರುವ ಜೋರಾದ ಆರ್ಫಿಯಸ್ ಎಂಜಿನ್‌ಗೆ. ಸಿಕ್ಕಿದ್ದು ನ್ಯಾಟ್‌ನಲ್ಲಿದ್ದ ಥರದ ಸಾಧಾರಣ ಆರ್ಫಿಯಸ್, ಎರಡು. ಆದರೂ 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಗಡಿಯಲ್ಲಿ ಈ ವಿಮಾನ ತನ್ನ ಕೆಲಸ ಮಾಡಿ ತೋರಿಸಿತು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಮನೆ ಸೇರಿದ ಮಾರುತ್‌ಗಳಿವೆ. ಇಂಥ ವಿಮಾನಕ್ಕೆ ಒಂದು ಒಳ್ಳೆಯ ಕಿಟ್ ಇಲ್ಲ ಎಂಬುದು ನನ್ನನ್ನು ಕಾಡುತ್ತದೆ.

1990ರ ದಶಕದಲ್ಲಿ ನಾನೇ ಒಂದು ಮಾರುತ್ ಮಾಡಲು ಹೊರಟೆ. ಸಾಗರದ ಗುಡಿಗಾರರ ಕೆತ್ತನೆ ನೋಡಿ ಬೆಳೆದವನು ನಾನು. ಅವರ ಹಾಗೆಯೇ ಶಿವನೆ ಮರ ಹಿಡಿದೆ. ಹಗುರ, ಮೆದು, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಇದೇನೂ ವಿಚಿತ್ರವಲ್ಲ. ಹಿಂದೆಲ್ಲ ಪ್ಲಾಸ್ಟಿಕ್ ಕಿಟ್‌ಗೂ ಮೊದಲು ಮರದಲ್ಲೇ ದೊಡ್ಡದಾಗಿ ಕೆತ್ತಿ, ಪ್ಯಾಂಟೋಗ್ರಾಫ್ ಯಂತ್ರದಲ್ಲಿ ಅದನ್ನು ಚಿಕ್ಕದು ಮಾಡಿ ಅಚ್ಚು ಕೊರೆಯುತ್ತಿದ್ದರು. ಟ್ಯಾಮಿಯಾ ಕಂಪನಿಯೇ 1946ರಲ್ಲಿ ಶಿಜುವೊಕಾದಲ್ಲಿ ಮರದ ವ್ಯಾಪಾರವಾಗಿ ಶುರುವಾದದ್ದು. ಮೊದಲು ಮರದ ಮಾಡೆಲ್, 1960ರಲ್ಲಿ ಪ್ಲಾಸ್ಟಿಕ್ ಹಡಗು, ಆಮೇಲೆ ಉಳಿದದ್ದು.

ಒಂದು ಪತ್ರಿಕೆಯಲ್ಲಿ ಬಂದ ಮೂರು ಕಡೆಯ ನಕ್ಷೆ ಇಟ್ಟುಕೊಂಡು ನಾನು ಕೆತ್ತಿದೆ. 1:48 ಅಳತೆ. ಅಸಲಿ ಉದ್ದ 15.87 ಮೀಟರ್, ನನ್ನದು 33 ಸೆಂಟಿಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ನನ್ನದು 18.75 ಸೆಂಟಿಮೀಟರ್. ಒಂದು ಇಡೀ ಮಳೆಗಾಲ ಹೋಯಿತು. ಅಂಕಿಗಳೆಲ್ಲ ಸರಿ ಇದ್ದವು. ಆದರೆ ವಿಮಾನ ಮಾರುತ್ ಥರ ಕಾಣಲಿಲ್ಲ. ಯಾಕೆ ಎಂದು ಗೊತ್ತಾದದ್ದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಅಸಲಿ ಮಾರುತ್ ಎದುರು ನಿಂತಾಗ. ಮಾರುತ್‌ಗೆ ಸೊಂಟ ಇದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆ ಮಾಡಲು ರೆಕ್ಕೆ ಸೇರುವ ಜಾಗದಲ್ಲಿ ಮೈಯನ್ನು ಒಳಗೆ ಎಳೆದಿದ್ದಾರೆ. ನನ್ನ ಕೈಗೆ ಸಿಕ್ಕ ನಕ್ಷೆಯಲ್ಲಿ ಆ ಬಾಗು ಅರ್ಧವೂ ಇರಲಿಲ್ಲ. ಗಾಳಿ ಒಳಗೆ ಹೋಗುವ ಬಾಯಿಯ ಅರ್ಧ ಕೋನ್ ಕೂಡ ತಪ್ಪು ಜಾಗದಲ್ಲಿತ್ತು. ಮರದ ಮಾರುತ್ ಈಗಲೂ ನನ್ನ ಕಪಾಟಿನಲ್ಲಿದೆ. ನೋಡಿದಾಗೆಲ್ಲ ಆ ಸೊಂಟವೇ ಕಣ್ಣಿಗೆ ಬೀಳುತ್ತದೆ.

ಅಳತೆ ತಪ್ಪಿದರೆ ದೊಡ್ಡವರಿಗೂ ಕಷ್ಟವೇ. ಎಡುವಾರ್ಡ್ 2014ರಲ್ಲಿ ತಂದ 1:48ರ ಮೆಸ್ಸರ್‌ಸ್ಮಿಟ್ 109 ಜಿ-6 ಸ್ವಲ್ಪ ದೊಡ್ಡದಾಗಿಬಿಟ್ಟಿತ್ತು. ಅವರು ಅಚ್ಚನ್ನೇ ಹೊಸದಾಗಿ ಮಾಡಿ 2016ರಲ್ಲಿ ಮತ್ತೆ ತಂದರು. ಆ ಕೆಲಸಕ್ಕೆ ನನ್ನ ಗೌರವ ಇದೆ. ಮೆಸ್ಸರ್‌ಸ್ಮಿಟ್ ಬಗ್ಗೆ ಯುರೋಪಿನ ಮ್ಯೂಸಿಯಂಗಳಲ್ಲಿ ಬೇಕಾದಷ್ಟು ವಿಮಾನ, ನಕ್ಷೆ ಇದ್ದೂ ಹಾಗಾಯಿತು. ಮಾರುತ್ ಬಗ್ಗೆ ಸರಿಯಾದ ಅಳತೆ ಇಲ್ಲದೆ ಪ್ರಾಗ್‌ನಲ್ಲೋ ಕೀವ್‌ನಲ್ಲೋ ಕೂತವರು ಏನು ಮಾಡಿಯಾರು?

ಅದಕ್ಕೇ ಬೆಂಗಳೂರಿನ ಮಾತು ಎತ್ತಿದ್ದು. ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್, ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ಒಂದು. ಮುಂಬೈಯ ನೆಹರೂ ವಿಜ್ಞಾನ ಕೇಂದ್ರದಲ್ಲೂ ಇದೆ. ಜರ್ಮನಿಗೆ ಹೋಗಿದ್ದು ಒಂದೇ. ಅಂದರೆ ಈ ವಿಮಾನವನ್ನು ಅಳೆದು, ಫೋಟೋ ತೆಗೆದು, ಯಾವ ಸಣ್ಣ ಕಂಪನಿಗಾದರೂ ಕೊಡಲು ಸಾಧ್ಯ ಇರುವವರು ನಾವು. ಅಷ್ಟು ಕೆಲಸ ಯಾರೋ ಮಾಡಿಕೊಟ್ಟರೆ ಅವರ ಅರ್ಧ ಭಾರ ಇಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಒಂದು ಸೀಟಿನದಕ್ಕೂ ಎರಡು ಸೀಟಿನದಕ್ಕೂ ರೆಕ್ಕೆ, ಬಾಲ, ಚಕ್ರ ಹಂಚಿಕೊಳ್ಳಬಹುದು. ಮುಂಭಾಗ ಬದಲಿಸಿದರೆ ಒಂದೇ ಅಚ್ಚಿನಿಂದ ಎರಡು ಪೆಟ್ಟಿಗೆ. ಸಣ್ಣ ಕಂಪನಿಗೆ ಈ ಲೆಕ್ಕ ಇಷ್ಟವಾಗುತ್ತದೆ.

ಅಥವಾ ಕಂಪನಿಗೇ ಕಾಯಬೇಕಾಗಿಲ್ಲ. ಈಗ ರೆಸಿನ್ 3ಡಿ ಪ್ರಿಂಟರ್ ಇದೆ. ಶಿವಮೊಗ್ಗದ ಎಂಜಿನಿಯರಿಂಗ್ ಹುಡುಗರು ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. 1:72ರಲ್ಲಿ ಮಾರುತ್ ಉದ್ದ 22 ಸೆಂಟಿಮೀಟರ್. ಸಣ್ಣ ಪ್ರಿಂಟರಿನಲ್ಲಿ ಒಂದೇ ಸಲ ಹಿಡಿಸದಿದ್ದರೆ ಮೈಮೇಲಿನ ತಗಡು ಸೇರುವ ಪ್ಯಾನಲ್ ಗೆರೆ ಇರುವ ಜಾಗದಲ್ಲೇ ಎರಡು ತುಂಡು ಮಾಡಿ ಪ್ರಿಂಟ್ ಮಾಡಬಹುದು. ಸಂದು ಗೆರೆಯಲ್ಲೇ ಮುಚ್ಚಿಹೋಗುತ್ತದೆ. ನನ್ನ ಮನಸ್ಸಿನಲ್ಲಿ ಮೊದಲ ಒಳ್ಳೆಯ ಮಾರುತ್ ಬರುವುದು ಹೀಗೇ. ಇಲ್ಲಿನ ಯಾರದೋ ಕಂಪ್ಯೂಟರಿನಿಂದ.

ಅಲ್ಲಿಯವರೆಗೆ ಕಾಯಬೇಡಿ. ಕೈಯಲ್ಲಿರುವ ಕಿಟ್ ಕಟ್ಟಿ. ‘ಹೊಸದು ಬಂದರೆ ಹಳೆಯದು ದಂಡ’ ಎಂದು ಪೆಟ್ಟಿಗೆ ಕಟ್ಟಿಟ್ಟವರ ಕಿಟ್‌ಗಳು ಅಟ್ಟದ ಮೇಲೆ ಗೆದ್ದಲು ಹಿಡಿದದ್ದನ್ನು ನೋಡಿದ್ದೇನೆ. ಹಳೆಯ ಕಿಟ್‌ನಲ್ಲಿ ಪುಟ್ಟಿ ಹಾಕಿ, ಉಜ್ಜಿ, ಗೆರೆ ಮತ್ತೆ ಕೊರೆದು ಕಲಿತದ್ದೇ ನಾಳೆ ಮಾರುತ್ ಕಟ್ಟಲು ಬೇಕಾಗುವ ವಿದ್ಯೆ.

ಇನ್ನು ಮಳೆಗಾಲ. ಇದು ನಮ್ಮ ಕಡೆಯವರಿಗೇ ಇರುವ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಪೆಟ್ಟಿಗೆಯ ಸೂಚನೆ ಬರೆದವರಿಗೆ ಆಷಾಢದ ತೀರ್ಥಹಳ್ಳಿ ಗೊತ್ತಿಲ್ಲ. ವಾರ್ನಿಷ್ ಬೆಳ್ಳಗಾಗುವುದು ಯಾಕೆ ಅಂದರೆ, ಅದರಲ್ಲಿನ ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಸುತ್ತ ಇರುವ ತೇವ ಅಲ್ಲೇ ಹನಿಯಾಗಿ ಕೂರುತ್ತದೆ. ಲ್ಯಾಕರ್ ಬಗೆಯ ಬಣ್ಣ, ವಾರ್ನಿಷ್ ಬೇಗ ಆರುತ್ತದೆ, ಹಾಗಾಗಿ ಅದರಲ್ಲೇ ಈ ತೊಂದರೆ ಜಾಸ್ತಿ. ಗೋಡೆಗೆ ಹಾಕುವ ಒಂದು ತೇವಾಂಶ ಮಾಪಕ ತನ್ನಿ. ಮುಳ್ಳು 70 ದಾಟಿದ್ದರೆ ಲ್ಯಾಕರ್ ಮುಟ್ಟಬೇಡಿ. ಆ ದಿನ ಕಾಕ್‌ಪಿಟ್ ಮಾಡಿ, ಉಜ್ಜಿ, ಜೋಡಿಸಿ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟುತ್ತೇನೆ, ನವರಾತ್ರಿ ಕಳೆದ ಮೇಲೆ ಬಣ್ಣ ಹೊಡೆಯುತ್ತೇನೆ. ಹೀಗೆ ವರ್ಷವನ್ನು ಭಾಗ ಮಾಡಿಕೊಂಡ ಮೇಲೆ ನನ್ನ ಜಗಳ ಅರ್ಧ ಮುಗಿಯಿತು. ಹೊಡೆಯಲೇಬೇಕಾದರೆ ಆರುವುದನ್ನು ನಿಧಾನ ಮಾಡುವ ರಿಟಾರ್ಡರ್ ಸೇರಿಸಿ, ತೆಳುವಾಗಿ ಹೊಡೆಯಿರಿ. ಈಗಾಗಲೇ ಬೆಳ್ಳಗಾದದ್ದಕ್ಕೆ ಒಣ ದಿನ ನೋಡಿ ರಿಟಾರ್ಡರ್ ಬೆರೆಸಿದ ತಿನ್ನರನ್ನು ಮಂಜಿನ ಹಾಗೆ ತೆಳುವಾಗಿ ಹೊಡೆದರೆ ಹೆಚ್ಚಾಗಿ ಸರಿಹೋಗುತ್ತದೆ. ಏರ್‌ಬ್ರಷ್ ಇದ್ದರೆ ಕಂಪ್ರೆಸರಿಗೆ ನೀರು ಹಿಡಿಯುವ ಬಟ್ಟಲು ಇರಲೇಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬೆಚ್ಚಗೆ ಇರುತ್ತದೆ ಎಂದು ಬಚ್ಚಲ ಒಲೆ ಹತ್ತಿರ, ಅಡಿಕೆ ಬೇಯಿಸುವ ಒಲೆ ಹತ್ತಿರ ಲ್ಯಾಕರ್ ಹೊಡೆಯಲೇಬೇಡಿ. ಅದರ ಆವಿಗೆ ಬೆಂಕಿ ಹತ್ತುತ್ತದೆ.

ಡಿಕ್ಯಾಲ್ ಹಾಳೆಯನ್ನು ಪೆಟ್ಟಿಗೆಯಿಂದ ಮೊದಲ ದಿನವೇ ತೆಗೆಯಿರಿ. ಜಿಪ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪುಡಿಕೆ ಜೊತೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿಯನ್ನು ಗೋಡೆಗೆ ತಾಗಿಸಿ ಇಡಬೇಡಿ. ಬೂಷ್ಟು ಬಂದದ್ದನ್ನು ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಒರೆಸಿ, ಬೇಡದ ಒಂದು ಗುರುತನ್ನು ನೀರಿಗೆ ಹಾಕಿ ನೋಡಿ. ಒಡೆದರೆ ಇಡೀ ಹಾಳೆಗೆ ತೆಳುವಾಗಿ ಕ್ಲಿಯರ್ ಹೊಡೆದು, ಪ್ರತಿಯೊಂದನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿ ಬಳಸಿ. ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿ. ಇದಕ್ಕೂ ಮಳೆ ಬಿಡಬೇಕು, ಅಲ್ವಾ.

ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕಸ್ತೂರ್ಬಾ ರಸ್ತೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ರೈಲಿಗೆ ಹೊರಟರೂ ಆಗುತ್ತದೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನವೂ ಇದೆ. ಮೊದಲು ಅಲ್ಲಿನವರ ಅನುಮತಿ ಕೇಳಿ. ಮೋಡ ಇರುವ ದಿನ ಒಳ್ಳೆಯದು, ಗಡಸು ನೆರಳು ಬೀಳುವುದಿಲ್ಲ. ದೂರ ನಿಂತು ಜೂಮ್ ಮಾಡಿ, ನೇರ ಪಕ್ಕದಿಂದ, ನೇರ ಎದುರಿನಿಂದ, ನೇರ ಹಿಂದಿನಿಂದ ತೆಗೆಯಲಿ. ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಬಾಲ ಸಣ್ಣ ಆಗುತ್ತದೆ. ಆಮೇಲೆ ವಿಮಾನದ ಸುತ್ತ ಒಂದೊಂದೇ ಹೆಜ್ಜೆ ಇಡುತ್ತಾ, ಪ್ರತಿ ಫೋಟೋ ಹಿಂದಿನದರ ಮೇಲೆ ಅರ್ಧಕ್ಕಿಂತ ಜಾಸ್ತಿ ಹಾಯುವ ಹಾಗೆ ತೆಗೆಯಲಿ. ಕಂಪ್ಯೂಟರ್ ಅವುಗಳನ್ನು ಸೇರಿಸಿ ಮೂರು ಆಯಾಮದ ಆಕಾರ ಕಟ್ಟುತ್ತದೆ. ಒಂದು ಮೀಟರ್ ಉದ್ದದ ಅಳತೆ ಪಟ್ಟಿ ಯಾವುದಾದರೂ ಕೆಲವು ಚಿತ್ರದಲ್ಲಿ ಇರಲೇಬೇಕು. ಬಣ್ಣವನ್ನು ನಂಬಬೇಡಿ. ಪ್ರದರ್ಶನಕ್ಕಿಟ್ಟ ವಿಮಾನಕ್ಕೆ ಎಷ್ಟು ಸಲ ಬಣ್ಣ ಬಳಿದಿರುತ್ತಾರೋ. ಆಕಾರವನ್ನು ನಂಬಿ. ಸೊಂಟ, ಗಾಳಿ ಬಾಯಿಯ ಕೋನ್, ಮೂಗಿನ ಎರಡೂ ಪಕ್ಕದ ನಾಲ್ಕು ಫಿರಂಗಿಯ ತೂತುಗಳು, ಹೊಟ್ಟೆಯಲ್ಲಿ 50 ರಾಕೆಟ್ ಅಡಗಿಸಿಡುವ ಗೂಡಿನ ಮುಚ್ಚಳ, ಇವೆಲ್ಲ ಬೇಕು.

ತೆಗೆದ ಚಿತ್ರಗಳನ್ನು ನನಗೆ ಕಳಿಸಿ. ನನ್ನ ಹತ್ತಿರ ಇರುವುದರ ಜೊತೆ ಇಟ್ಟು ನೋಡೋಣ. ಮುಂದಿನ ಚಕ್ರದ ಗೂಡಿನ ಒಳಗಿನ ಫೋಟೋ ನನ್ನಲ್ಲಿ ಒಂದೂ ಇಲ್ಲ. ಅದು ಸಿಕ್ಕರೆ ಮೊದಲು ಅದನ್ನೇ ಕಳಿಸಿ.